ಬರ್ನೀಸಳ ತಲೆಗೂದಲು ಮತ್ತು ನನ್ನ ಬ್ಯಾಂಕ್ ಚರಿತ್ರೆ

ಬ್ಯಾಂಕ್ ಗ್ರಾಹಕರ ನಡತೆಯ ವರದಿಗಳನ್ನು ಜೋಪಾನವಾಗಿ ಕಾಪಾಡಿಕೊಂಡು ಬರುತ್ತಿರುವ ಸಂಸ್ಥೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನನ್ನ ಹೆಸರು ನಿಮಗೆ ಚೆನ್ನಾಗಿ ಗೊತ್ತು. ಅದರ ಮುಂದೆ ನೀವು ‘ಓವರ್‌ಡ್ರಾಫ್ಟ್ ಬಾಕಿ, ಖಾತೆಯ ದುರುಪಯೋಗದ ಶಂಕೆ’ ಎಂದು ಬರೆದು, ಐದು ವರ್ಷ ಯಾರೂ ಅಳಿಸಬಾರದೆಂದು ಬೀಗ ಹಾಕಿಟ್ಟಿದ್ದೀರಿ. ಹೀಗಾಗಿ ನಮ್ಮಿಬ್ಬರ ಪರಿಚಯ ಒಂದು ಕಡೆಯಿಂದಲಾದರೂ ಗಟ್ಟಿಯಾಗಿದೆ. ನನ್ನ ದೂರು ಇಷ್ಟೇ: ನನ್ನ ಗೆಳತಿಯೊಬ್ಬಳು ಗಂಡ ಸತ್ತ ಹದಿನಾಲ್ಕು ತಿಂಗಳ ಮೇಲೆ ಒಂದು ದಿನ ಹೋಗಿ ತಲೆಗೂದಲು ಸರಿಮಾಡಿಸಿಕೊಂಡಳು, ಆ ತಪ್ಪಿಗೆ ನೀವು ನನ್ನನ್ನು ಮೋಸಗಾರರ ಸಾಲಿನಲ್ಲಿ ನಿಲ್ಲಿಸಿದ್ದೀರಿ. ಇದೆಲ್ಲಿಯ ಸಂಬಂಧ ಎಂದು ನೀವು ಹುಬ್ಬೇರಿಸುವುದಾದರೆ ದಯವಿಟ್ಟು ಆ ಹುಬ್ಬನ್ನು ಮೇಲೆಯೇ ಇಟ್ಟುಕೊಂಡು ಓದಿ. ಮೂರು ತಿಂಗಳಿಂದ ನಾನೂ ಹಾಗೆಯೇ ಇಟ್ಟುಕೊಂಡಿದ್ದೇನೆ, ಅಭ್ಯಾಸವಾಗುತ್ತದೆ.

ನಾನು ಉತ್ತರ ಮಿನ್ನೆಸೋಟದ ಓಲ್ಸೆನ್ ಕ್ರೀಕಿನವಳು. ವಯಸ್ಸು ಎಪ್ಪತ್ತು ದಾಟಿದೆ. ಮದುವೆಯಾಗಿ ವರ್ನ್ ಎಂಬ ಒಬ್ಬನೇ ಗಂಡನೊಂದಿಗೆ ಇಷ್ಟು ವರ್ಷ ಬಾಳಿದ್ದೇನೆ, ಅದೂ ಒಂದು ಬಗೆಯ ನಂಬಿಕಸ್ಥ ನಡತೆಯೇ ಆದರೂ ನಿಮ್ಮ ವರದಿಯಲ್ಲಿ ಅದಕ್ಕೆ ಜಾಗವಿಲ್ಲ. ಕಾಗದದ ಕಾರ್ಖಾನೆಯಲ್ಲಿ ದುಡಿದು ಬಂದ ಮೊದಲ ಸಂಬಳವನ್ನು ಊರಿನ ಬ್ಯಾಂಕಿನಲ್ಲಿಟ್ಟೆ. ಕೊನೆಯ ಸಂಬಳವನ್ನೂ ಅಲ್ಲಿಯೇ ಇಟ್ಟೆ. ಆ ಬ್ಯಾಂಕಿನಲ್ಲಿ ಖಾತೆಯ ಸಂಖ್ಯೆ ಹೇಳುವ ಪದ್ಧತಿ ಇರಲಿಲ್ಲ. ಒಳಗೆ ಹೋದರೆ, “ಏನ್ ಆರ್ಡಿಸ್, ಮಂಡಿ ನೋವು ಹೇಗಿದೆ?” ಎಂದು ಕೇಳಿ ಹಣ ಕೊಡುತ್ತಿದ್ದರು. ನೀವಾದರೆ ಇದನ್ನು ಭದ್ರತಾ ಲೋಪ ಎನ್ನುತ್ತೀರಿ.

ಎಮಿಲ್ ಪ್ಲಾಷ್ಕೊ ತೀರಿಕೊಂಡದ್ದು ಹೋದ ವರ್ಷಕ್ಕೂ ಹಿಂದಿನ ವರ್ಷದ ಮಾರ್ಚಿನಲ್ಲಿ. ಅವನು ಕೌಂಟಿ ಆಡಳಿತದ ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದ. ಕೆಲಸ ಮುಗಿದ ಮೇಲೆ ಸ್ವಂತ ಟ್ರಾಕ್ಟರ್ ತಂದು, ಯಾರೂ ಕೇಳದಿದ್ದರೂ, ಅರ್ಧ ಊರಿನ ಮನೆಗಳ ಮುಂದಿನ ಹಿಮ ಎತ್ತಿಹಾಕಿ, ಥ್ಯಾಂಕ್ಸ್ ಹೇಳುವುದಕ್ಕೆ ಬಾಗಿಲು ತೆಗೆಯುವಷ್ಟರಲ್ಲಿ ಮುಂದಿನ ಮನೆಗೆ ಹೋಗಿಬಿಡುತ್ತಿದ್ದ. ಬ್ಯಾಂಕಿನ ಅಂಗಳದ ಹಿಮವನ್ನೂ ಅವನೇ ತೆಗೆಯುತ್ತಿದ್ದುದು. ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಅವನ ಹೆಂಡತಿಯೇ ಬರ್ನೀಸ್, ನಾನು ಹೇಳಿದ ಗೆಳತಿ.

ನಮ್ಮಲ್ಲಿ ಸಾವಾದ ಮನೆಗೆ ಹೇಗೆ ಹೋಗುತ್ತಾರೆಂದು ನಿಮಗೆ ತಿಳಿದಿರಬೇಕು. ನೀವೂ ಎಲ್ಲೋ ಒಂದು ಊರಿನಲ್ಲಿ ಹುಟ್ಟಿದವರೇ ತಾನೇ? ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ಚು, ಕಾಫಿ. ಬಾಗಿಲಲ್ಲಿ ಒಂದು ಬುಟ್ಟಿ. ಅದರೊಳಗೆ ಎಲ್ಲರೂ ಒಂದೊಂದು ಕಾರ್ಡು ಹಾಕುತ್ತಾರೆ, ಕಾರ್ಡಿನೊಳಗೆ ಒಂದು ಚೆಕ್ಕು. ಎಷ್ಟು ಕೊಟ್ಟೆವೆಂದು ಯಾರೂ ಹೇಳುವುದಿಲ್ಲ, ಮುಟ್ಟಿತೇ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅಂಥವರ ಮನೆಯ ಸಾವಿಗೆ ಜನ ಸ್ಯಾಂಡ್‌ವಿಚ್ ತಿನ್ನಲು ಮಾತ್ರ ಬರುತ್ತಾರೆ. ನಾನು ನಲವತ್ತು ಡಾಲರಿನ ಚೆಕ್ಕು ಬರೆದೆ. ಕಾರ್ಡಿನಲ್ಲಿ ದೇವರು, ಸ್ವರ್ಗ ಎಲ್ಲವನ್ನೂ ಅಚ್ಚು ಹಾಕಿಯೇ ಇದ್ದರು, ನಾನು ಕೆಳಗೆ ಎರಡು ಸಾಲು ಬರೆದೆ: “ಇದನ್ನು ಕರೆಂಟ್ ಬಿಲ್ಲಿಗೆ ಕಟ್ಟಬೇಡ ಬರ್ನೀಸ್. ಹೋಗಿ ಕೂದಲು ಸೆಟ್ ಮಾಡಿಸಿಕೋ.” ಏಕೆಂದರೆ ಪ್ರತಿ ಗುರುವಾರ ಡಾರ್ಲಾಳ ಅಂಗಡಿಗೆ ಹೋಗಿ ಕೂದಲನ್ನು ಗುಂಗುರು ಗುಂಗುರಾಗಿ ಸುರುಳಿ ಮಾಡಿಸಿಕೊಂಡು ಬರುತ್ತಿದ್ದವಳು, ಎಮಿಲ್ ಹೋದ ದಿನದಿಂದ ಅವನ ಉಣ್ಣೆಯ ಟೋಪಿ ಎಳೆದುಕೊಂಡು ಓಡಾಡುತ್ತಿದ್ದಳು. ಹೆಣದ ಪೆಟ್ಟಿಗೆಯ ಪಕ್ಕ ನಿಂತಾಗಲೂ ಅದೇ ಟೋಪಿ.

ವಸಂತ ಕಳೆಯಿತು, ಬೇಸಿಗೆ ಕಳೆಯಿತು. ಬರ್ನೀಸ್ ಟೋಪಿ ತೆಗೆಯಲಿಲ್ಲ, ನನ್ನ ಚೆಕ್ಕೂ ಬ್ಯಾಂಕಿಗೆ ಬರಲಿಲ್ಲ. ಅಷ್ಟರಲ್ಲಿ ನಮ್ಮ ಬ್ಯಾಂಕನ್ನು ದೊಡ್ಡ ಬ್ಯಾಂಕೊಂದು ಕೊಂಡುಕೊಂಡಿತು. ‘ನಿಮಗೆ ಇನ್ನೂ ಹತ್ತಿರವಾಗಲು’ ಎಂದು ಬಣ್ಣದ ಕಾಗದದಲ್ಲಿ ತಿಳಿಸಿ, ಅಕ್ಟೋಬರಿನಲ್ಲಿ ಊರಿನ ಶಾಖೆಯನ್ನು ಮುಚ್ಚಿತು. ಕೊನೆಯ ದಿನ ಬಂದವರಿಗೆಲ್ಲ ಒಂದು ಪೆನ್ನು, ಒಂದು ಬಿಸ್ಕತ್ತು. ನಾನು ನನ್ನ ಹಣವನ್ನೆಲ್ಲ ಕೌಂಟಿ ಕೇಂದ್ರದಲ್ಲಿರುವ, ವರ್ನ್‌ನ ಖಾತೆಯಿದ್ದ ಬ್ಯಾಂಕಿಗೆ, ಅವನ ಖಾತೆಗೇ ಸಾಗಿಸಲು ಅಂದು ನಮ್ಮ ಶಾಖೆಗೆ ಹೋದೆ. ಕೌಂಟರಿನಲ್ಲಿ ಊರಿನದೇ ಹುಡುಗಿ.

“ಪೂರ್ತಿ ಮುಚ್ಚೋಕಾಗಲ್ಲಮ್ಮ, ಒಂದು ಚೆಕ್ ಬರೋದಿದೆ,” ಅಂದೆ. “ಅದಕ್ಕೆ ಬೇಕಾದಷ್ಟು ಬಿಟ್ಟಿರ್ತೀನಿ.”

“ಅವರಿಗೊಂದು ಫೋನ್ ಮಾಡಿ ಬೇಗ ಹಾಕ್ಕೊಳ್ಳಿ ಅಂತ ಹೇಳಬಹುದಲ್ವಾ ಮಿಸೆಸ್ ಲಿಂಡ್ವಾಲ್?”

“ಬರ್ನೀಸ್‌ಗೆ ಬರೆದಿದ್ದು ಕಣೇ. ಎಮಿಲ್ ಹೋದಾಗ.”

ಹುಡುಗಿಯ ಮುಖ ಕೆಂಪಗಾಯಿತು. “ಅಯ್ಯೋ, ಬೇಡ ಬೇಡ. ಬಿಟ್ಟಿರಿ,” ಅಂದಳು.

ಇದು ನಮ್ಮೂರಿನ ದಡ್ಡತನ ಎಂದು ನಿಮಗನ್ನಿಸಬಹುದು. ಗಂಡನನ್ನು ಕಳೆದುಕೊಂಡವಳಿಗೆ ಫೋನ್ ಮಾಡಿ ‘ನಾನು ಕೊಟ್ಟದ್ದನ್ನು ಇನ್ನೂ ಯಾಕೆ ತೆಗೆದುಕೊಂಡಿಲ್ಲ’ ಎಂದು ಕೇಳುವುದು ಬುದ್ಧಿವಂತಿಕೆ ಎನ್ನುವುದಾದರೆ, ಹೌದು, ನಾವು ಇಡೀ ಊರೇ ದಡ್ಡರು. ಆ ಫೋನು ಮಾಡುವುದಕ್ಕಿಂತ ಜನವರಿಯಲ್ಲಿ ಕೆರೆಗೆ ಹಾರುವುದು ವಾಸಿ. ನಲವತ್ತಕ್ಕೆ ಇನ್ನೊಂದು ಹತ್ತು ಸೇರಿಸಿ ಐವತ್ತು ಡಾಲರ್ ಬಿಟ್ಟು, ನನ್ನ ಪಾಲಿನ ಬಿಸ್ಕತ್ತು ತಿಂದುಕೊಂಡು ಮನೆಗೆ ಬಂದೆ. ಗೌರವದಿಂದ ನಡೆದುಕೊಂಡೆ ಎಂಬ ತೃಪ್ತಿ ಇತ್ತು. ಅಂಥ ತೃಪ್ತಿಗೆ ತಿಂಗಳ ಬಾಡಿಗೆ ಇದೆಯೆಂದು ಯಾರೂ ಹೇಳಿರಲಿಲ್ಲ.

ಇದೆ, ಮಾನ್ಯರೇ. ಖಾತೆಯಲ್ಲಿ ಹಣ ಕಡಿಮೆ ಇದ್ದರೆ ಅದನ್ನು ‘ನೋಡಿಕೊಳ್ಳುವುದಕ್ಕೆ’ ತಿಂಗಳಿಗೆ ಹನ್ನೆರಡು ಡಾಲರ್. ನಾವು ಮಗಳ ಮನೆಗೆ ಹೋದಾಗ ಪಕ್ಕದ ಮನೆಯವರು ನಮ್ಮ ಬೆಕ್ಕನ್ನು ನೋಡಿಕೊಳ್ಳುತ್ತಾರೆ. ಅವರು ಅದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ, ಅಷ್ಟೇ ಅಲ್ಲ, ನಾವು ಹಿಂದಿರುಗಿ ಬಂದಾಗ ಬೆಕ್ಕು ಇರುತ್ತದೆ ಕೂಡ. ನಿಮ್ಮ ಸದಸ್ಯ ಬ್ಯಾಂಕು ನನ್ನ ಐವತ್ತು ಡಾಲರನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿತೆಂದರೆ, ಮಾರ್ಚಿನ ಹೊತ್ತಿಗೆ ನೋಡಿಕೊಳ್ಳಲು ಏನೂ ಉಳಿದಿರಲಿಲ್ಲ. ಆಗಲಾದರೂ ಖಾತೆ ಮುಚ್ಚಬಹುದಿತ್ತಲ್ಲ? ಮುಚ್ಚಲಿಲ್ಲ. ಬರಿದಾದ ಮೇಲೂ ಬಾಗಿಲು ತೆರೆದಿಟ್ಟು ಕೂತಿತ್ತು, ಯಾರಾದರೂ ಎಡವಲಿ ಎಂದು.

ನನಗೆ ತಿಳಿಸಲಿಲ್ಲವೇ ಎಂದು ಕೇಳುತ್ತೀರಿ. ತಿಳಿಸಿದರಂತೆ. ಬ್ಯಾಂಕು ಕೈ ಬದಲಾದಾಗ ‘ಕಾಗದ ಉಳಿಸಿ, ಮರ ಉಳಿಸಿ’ ಎಂಬ ಯೋಜನೆಯಡಿ ಎಲ್ಲ ಪತ್ರಗಳನ್ನೂ ಇಂಟರ್‌ನೆಟ್ಟಿನ ಒಂದು ಪೆಟ್ಟಿಗೆಗೆ ಹಾಕತೊಡಗಿದರಂತೆ. ಆ ಪೆಟ್ಟಿಗೆ ಇದೆಯೆಂಬ ಸುದ್ದಿಯನ್ನೂ ಆ ಪೆಟ್ಟಿಗೆಯಲ್ಲಿಯೇ ಹಾಕಿದ್ದರಂತೆ. ಮಾನ್ಯರೇ, ನಾನು ಮೂವತ್ತು ವರ್ಷ ಕಾಗದ ಮಾಡಿದವಳು. ಅವರು ಉಳಿಸಿದ ಆ ಒಂದು ಹಾಳೆ ನನ್ನ ಮನೆಗೆ ಬಂದಿದ್ದರೆ ಒಂದು ಮರ ಬೀಳುತ್ತಿರಲಿಲ್ಲ, ನನ್ನ ಹೆಸರು ಉಳಿಯುತ್ತಿತ್ತು.

ಇನ್ನು ಆ ಮೇ ತಿಂಗಳ ಶುಕ್ರವಾರದ ಮಾತು. ತಿಂಗಳ ಮೊದಲ ಶುಕ್ರವಾರ ನಮ್ಮ ಅಗ್ನಿಶಾಮಕ ಠಾಣೆಯಲ್ಲಿ ಮೀನೂಟ. ಬೆಂಕಿ ಆರಿಸುವ ಲಾರಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಮೇಜು ಹಾಕಿ, ಮಹಿಳಾ ಸಂಘದವರು ಮೀನು ಕರಿದು ಬಡಿಸುತ್ತೇವೆ. ಬಂದ ಹಣದಲ್ಲಿ ಠಾಣೆಗೆ ಪೈಪು, ಕೋಟು, ಹೆಲ್ಮೆಟ್ಟು. ಬರ್ನೀಸ್ ಈ ಸಂಘದ ಖಜಾಂಚಿ, ನಮ್ಮಲ್ಲಿ ಅನೇಕರು ಮೊದಲ ಸಲ ತಾಯಿಯಾಗುವುದಕ್ಕೂ ಹಿಂದಿನಿಂದ. ಎಮಿಲ್ ಹೋದ ಮೇಲೆ ಮೀನೂಟಕ್ಕೆ ಅವಳು ಬಂದಿರಲಿಲ್ಲ. ಆ ಶುಕ್ರವಾರ ನಾನು ಎಲೆಕೋಸಿನ ಸಲಾಡ್ ಹಿಡಿದು ತಿರುಗುತ್ತೇನೆ, ಬಾಗಿಲಲ್ಲಿ ಬರ್ನೀಸ್. ತಲೆಯ ಮೇಲೆ ಟೋಪಿ ಇಲ್ಲ. ಕೂದಲು ತೊಳೆದು, ಸುರುಳಿ ಸುತ್ತಿ, ಮೇಲೆ ಸ್ಪ್ರೇ ಹೊಡೆದು, ಗಾಳಿ ಬೀಸಿದರೂ ಒಂದೆಳೆ ಕದಲದ ಹಾಗೆ ಕೂತಿದೆ. ಅಲ್ಲಿದ್ದವರೆಲ್ಲ ನೋಡಿದರು, ನೋಡದವರಂತೆ ಮತ್ತೆ ಮೀನಿನ ಮುಳ್ಳು ಬಿಡಿಸತೊಡಗಿದರು. ನಮ್ಮಲ್ಲಿ ಸಂತೋಷವನ್ನು ಹಾಗೆಯೇ ತೋರಿಸುವುದು. ನಾನು ಮಾತ್ರ ಸಲಾಡಿನ ಪಾತ್ರೆ ಕೆಳಗಿಟ್ಟು ಅಡುಗೆಮನೆಗೆ ಹೋಗಿ ಮೂಗು ಒರೆಸಿಕೊಂಡೆ. ಬಂದಳಲ್ಲ, ಬದುಕಿದಳಲ್ಲ ಎಂದುಕೊಂಡೆ.

ಅವಳು ಅಂದು ನನ್ನ ಪಕ್ಕ ಬಂದು ಕೂತು ಹೇಳಿದ್ದು ಇಷ್ಟು: “ಆರ್ಡಿಸ್, ಈ ಲೆಕ್ಕದ ಕೆಲಸ ಇನ್ಮೇಲೆ ನನ್ ಕೈಲಿ ಆಗಲ್ಲ ಕಣೇ. ಕೂಡೋಕೆ ಕೂತ್ರೆ ಅಂಕಿ ಓಡಾಡ್ತವೆ. ನೀನು ತಗೋ. ಬೇರೆಯೋರಿಗೆ ಕೊಡೋಕೆ ನಂಗೆ ಇಷ್ಟ ಇಲ್ಲ.”

“ತಗೋತೀನಿ,” ಅಂದೆ.

“ಮಾತು ಕೊಡು.”

“ಕೊಟ್ಟೆ ಮಾರಾಯ್ತಿ, ಮೀನು ತಿನ್ನು ಆರೋಗತ್ತೆ.”

ಆ ಹೊತ್ತಿಗೆ, ನನಗೆ ಗೊತ್ತಿಲ್ಲದೆ, ನಾನು ಸುಸ್ತಿದಾರಳಾಗಿದ್ದೆ. ಅವಳ ತಲೆಯ ಮೇಲೆ ಹೊಳೆಯುತ್ತಿದ್ದದ್ದು ನನ್ನ ನಲವತ್ತು ಡಾಲರ್. ಹಿಂದಿನ ದಿನವೇ ಅವಳು ನನ್ನ ಚೆಕ್ಕನ್ನು ತನ್ನ ಖಾತೆಗೆ ಹಾಕಿ, ಡಾರ್ಲಾಳ ಅಂಗಡಿಯಲ್ಲಿ ಕೂತು ಎದ್ದು ಬಂದಿದ್ದಳು. ವರ್ಷ ದಾಟಿದ ಚೆಕ್ಕನ್ನು ಬ್ಯಾಂಕು ವಾಪಸು ಕಳಿಸಬಹುದಿತ್ತು. ಕಳಿಸಲಿಲ್ಲ. ಖಾತೆಯಲ್ಲಿ ಕಾಸಿಲ್ಲದಿದ್ದರೂ ‘ಸೌಜನ್ಯ’ದಿಂದ ಪಾವತಿ ಮಾಡಿತು. ಸೌಜನ್ಯ ಎಂಬುದು ನನ್ನ ಮಾತಲ್ಲ, ಅವರ ಕಾಗದದಲ್ಲೇ ಇದೆ: ಓವರ್‌ಡ್ರಾಫ್ಟ್ ಸೌಜನ್ಯ ಸೇವೆ, ಶುಲ್ಕ ಮೂವತ್ತೈದು ಡಾಲರ್. ನಲವತ್ತರ ಉಪಕಾರಕ್ಕೆ ಮೂವತ್ತೈದರ ಸೌಜನ್ಯ! ನಮ್ಮಮ್ಮ ನನಗೆ ಸೌಜನ್ಯ ಕಲಿಸಿದ್ದಳು, ಬೆಲೆಪಟ್ಟಿ ಕಲಿಸಿರಲಿಲ್ಲ. ಆಮೇಲೆ ಆ ಸೌಜನ್ಯವನ್ನು ತೀರಿಸಲಿಲ್ಲವೆಂದು ಇನ್ನೊಂದು ಶುಲ್ಕ, ಆ ಶುಲ್ಕ ಬಾಕಿ ಇದೆಯೆಂದು ಮತ್ತೊಂದು. ಬೇಸಿಗೆ ಮುಗಿಯುವಷ್ಟರಲ್ಲಿ ಇನ್ನೂರು ದಾಟಿಸಿ, ಬ್ಯಾಂಕು ನನ್ನ ಮೇಲಿನ ಆಸೆ ಬಿಟ್ಟು, ಖಾತೆಯನ್ನು ತಾನೇ ಮುಚ್ಚಿ, ಸುದ್ದಿಯನ್ನು ನಿಮಗೆ ಮುಟ್ಟಿಸಿತು. ನೀವು ಅದನ್ನು ಕೇಳಿಸಿಕೊಂಡು ‘ಯಾಕೆ?’ ಎಂದು ಒಂದು ಮಾತು ಕೇಳಿದಿರಾ? ನಮ್ಮೂರಿನ ಹರಟೆಮಲ್ಲಿಯರು ಕೂಡ ಒಂದು ಸುದ್ದಿ ಕೇಳಿದರೆ ಮೊದಲು ‘ಯಾಕಂತೆ?’ ಎನ್ನುತ್ತಾರೆ. ನಿಮ್ಮ ಸಂಸ್ಥೆ ಅಷ್ಟು ಕುತೂಹಲದ್ದಲ್ಲ.

ಅಕ್ಟೋಬರಿನಲ್ಲಿ ಸಂಘದವರು ಕೈಯೆತ್ತಿ ನನ್ನನ್ನು ಖಜಾಂಚಿ ಮಾಡಿದರು. ಸಂಘದ ಖಾತೆಯ ಸಹಿ ಬದಲಾಯಿಸಲು ಅಧ್ಯಕ್ಷೆ ಮರ್ಲಿಸ್ ನನ್ನನ್ನು ಕರೆದುಕೊಂಡು ಕೌಂಟಿ ಕೇಂದ್ರದ ಅದೇ ಬ್ಯಾಂಕಿಗೆ ಹೋದಳು. ಅಲ್ಲಿದ್ದ ಯುವಕ ನನ್ನ ಹೆಸರನ್ನು ಯಂತ್ರಕ್ಕೆ ಹಾಕಿ, ನಗು ನಿಲ್ಲಿಸಿ, ಪರದೆಯನ್ನು ಮರ್ಲಿಸ್‌ಗೆ ಕಾಣದಂತೆ ಮೆಲ್ಲಗೆ ಆ ಕಡೆ ತಿರುಗಿಸಿದ. ಅವನು ತಿರುಗಿಸದಿದ್ದರೆ ಮರ್ಲಿಸ್ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದಳು.

“ಮಿಸೆಸ್ ಲಿಂಡ್ವಾಲ್, ಒಂದು ಸಣ್ಣ ತೊಂದರೆ. ನಿಮ್ಮ ಬ್ಯಾಂಕಿಂಗ್ ಚರಿತ್ರೆ…”

“ಚರಿತ್ರೆನಾ? ನಾನೇನು ಯುದ್ಧ ಮಾಡಿದ್ನಾ?”

“ಅದು… ನಾನು ಜೋರಾಗಿ ಹೇಳೋ ಹಾಗಿಲ್ಲ.” ಹಾಗೆಂದು, ಪಕ್ಕದ ಸಾಲಿನಲ್ಲಿದ್ದವರಿಗೂ ಕೇಳುವ ಪಿಸುದನಿಯಲ್ಲಿ ಓದಿದ: “ಖಾತೆಯ ದುರುಪಯೋಗದ ಶಂಕೆ. ಇದಿರೋವಾಗ ನಿಮ್ಮ ಸಹಿ ಸೇರಿಸೋಕಾಗಲ್ಲ.”

ಮರ್ಲಿಸ್ ತನ್ನ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಆಮೇಲೆ ಆ ಕೈಯನ್ನೇ ನೋಡಿಕೊಂಡು ನಾಚಿಕೊಂಡಳು. ಐವತ್ತು ವರ್ಷದಿಂದ ನಾನು ಬಲ್ಲ ಹೆಂಗಸು. ಮಾನ್ಯರೇ, ನಿಮ್ಮ ವರದಿ ಮಾಡಿದ್ದು ಇದನ್ನು. ಬ್ಯಾಂಕು ತಿಂದ ಇನ್ನೂರು ಡಾಲರನ್ನು ನಾನು ಮರೆಯಬಲ್ಲೆ. ಆ ಕೈಚೀಲ ಸರಿದದ್ದನ್ನು ಮರೆಯಲಾರೆ.

ಬಾಕಿಯನ್ನು ಅಂದೇ ಪೂರ್ತಿ ಕಟ್ಟಿದೆ. ಜಗಳ ಆಡಬಹುದಿತ್ತು, ಆದರೆ ನಾಳೆಯಿಂದ ಹೆಸರು ಸರಿಹೋಗುತ್ತದೆಂಬ ಹುಚ್ಚು ನಂಬಿಕೆ. ಕಟ್ಟಿದ ಮೇಲೆ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ನನ್ನ ಕರೆ ನಿಮಗೆ ಬಹಳ ಅಮೂಲ್ಯ ಎಂದು ಒಂದು ದನಿ ಪದೇ ಪದೇ ಹೇಳಿತು; ಅಮೂಲ್ಯ ವಸ್ತುಗಳನ್ನು ಮುಟ್ಟದೆ ಇಡುವುದು ನಿಮ್ಮ ಪದ್ಧತಿಯಿರಬೇಕು. ಕೊನೆಗೆ ಒಬ್ಬ ಹುಡುಗ ಸಿಕ್ಕ. ಒಳ್ಳೆಯವನೇ.

“ಮೇಡಂ, ಬಾಕಿ ತೀರಿದೆ ಅಂತ ಅಪ್‌ಡೇಟ್ ಮಾಡ್ತೀವಿ. ಆದ್ರೆ ಎಂಟ್ರಿ ಐದು ವರ್ಷ ಹಾಗೇ ಇರತ್ತೆ.”

“ತೀರಿಸಿದ ಮೇಲೂ?”

“ತೀರಿಸಿದ್ರೂ ನಡೆದದ್ದು ನಡೆದದ್ದೇ ಅಲ್ವಾ ಮೇಡಂ? ನಾವು ಯಾರ ಬಗ್ಗೇನೂ ತೀರ್ಪು ಕೊಡಲ್ಲ. ಬ್ಯಾಂಕ್ ಹೇಳಿದ್ದನ್ನ ಇಟ್ಕೊಂಡಿರ್ತೀವಿ ಅಷ್ಟೇ.”

“ಮತ್ತೆ ಬ್ಯಾಂಕಿನೋರು, ಬೇಡ ಅಂತಿರೋದು ನಾವಲ್ಲ, ನಿಮ್ಮ ವರದಿ ಅಂತಾರಲ್ಲಪ್ಪ?”

“ಅದು ಅವರ ನಿರ್ಧಾರ ಮೇಡಂ.”

ನೋಡಿ ಎಷ್ಟು ಅಚ್ಚುಕಟ್ಟು! ಹಳೆಯ ಬ್ಯಾಂಕನ್ನು ಕೇಳಿದರೆ ಕಂಪ್ಯೂಟರ್ ಮಾಡಿದ್ದು. ಹೊಸ ಬ್ಯಾಂಕನ್ನು ಕೇಳಿದರೆ ವರದಿ ಹೇಳಿದ್ದು. ವರದಿಯನ್ನು ಕೇಳಿದರೆ ಹಳೆಯ ಬ್ಯಾಂಕು ಹೇಳಿದ್ದು. ಮೂರು ಜನ ಕೈತೊಳೆದುಕೊಂಡ ನೀರೆಲ್ಲ ಹರಿದು ನನ್ನ ಅಂಗಳಕ್ಕೇ ಬಂದು ನಿಂತಿದೆ. ಕಳ್ಳ ಚೆಕ್ಕು ಬರೆದು ಅಂಗಡಿಯವರಿಗೆ ಟೋಪಿ ಹಾಕಿ ಓಡಿಹೋದವನಿಗೂ ನನಗೂ ನಿಮ್ಮಲ್ಲಿ ಒಂದೇ ಸಾಲು, ಒಂದೇ ಅವಧಿ. ನನಗಾದರೋ ಗಂಡನ ಖಾತೆಯ ಆಸರೆ ಇದೆ. ನಮ್ಮ ಪೆಟ್ರೋಲ್ ಬಂಕಿನಲ್ಲಿ ದುಡಿಯುವ ಹುಡುಗಿಯೊಬ್ಬಳಿಗೆ ಇಂಥದೇ ಒಂದು ಸಾಲಿನ ದೆಸೆಯಿಂದ ಯಾವ ಬ್ಯಾಂಕೂ ಖಾತೆ ಕೊಡುತ್ತಿಲ್ಲ. ಸಂಬಳದ ಚೆಕ್ಕನ್ನು ನಗದು ಮಾಡಿಕೊಡುವ ಕಿಟಕಿಯೊಂದಕ್ಕೆ ಹಿಡಿದು ಹೋಗುತ್ತಾಳೆ, ಅವರು ಮೊದಲು ತಾವು ಒಂದು ತುತ್ತು ಕಚ್ಚಿ ಉಳಿದದ್ದನ್ನು ಕೊಡುತ್ತಾರೆ. ಆ ಕಿಟಕಿ ಎಲ್ಲಿದೆ ಗೊತ್ತೇ? ನಮ್ಮ ಹಳೆಯ ಬ್ಯಾಂಕಿನ ಕಟ್ಟಡದಲ್ಲಿ. ಕೌಂಟರು ಕೂಡ ಅದೇ.

ಆ ಹುಡುಗ ಫೋನ್ ಇಡುವ ಮೊದಲು ಒಂದು ದಾರಿ ಹೇಳಿದ. ನಾನು ತಕರಾರು ಸಲ್ಲಿಸಬಹುದು. ಅದಕ್ಕೆ ಒಂದು ನಮೂನೆ ಇದೆ. ಚೆಕ್ಕು ಪಡೆದ ವ್ಯಕ್ತಿ ಅದನ್ನು ತುಂಬಿ, ‘ವಿಳಂಬಕ್ಕೆ ಕಾರಣ’ ಬರೆದು, ಅಧಿಕಾರಿಯ ಮುಂದೆ ಸಹಿ ಹಾಕಿ ಮುದ್ರೆ ಒತ್ತಿಸಿ ಕಳಿಸಿದರೆ ಪರಿಶೀಲಿಸುತ್ತೀರಂತೆ. ಅಂದರೆ ನನ್ನ ಹೆಸರು ತೊಳೆಯಬೇಕಾದರೆ ಬರ್ನೀಸ್ ಬಂದು ತಪ್ಪೊಪ್ಪಿಕೊಳ್ಳಬೇಕು. ನಮೂನೆ ಬಂತು. ಕಾಗದದಲ್ಲೇ ಬಂತು, ಮರ ಕಡಿಯಲು ಆಗ ನಿಮಗೆ ಸಂಕೋಚವಾಗಲಿಲ್ಲ. ಅದನ್ನು ಮೇಜಿನ ಡ್ರಾಯರಿಗೆ ಹಾಕಿ, ವರ್ನ್‌ಗೆ, “ಈ ವಿಷಯ ಬರ್ನೀಸ್ ಕಿವಿಗೆ ಬಿದ್ರೆ ನಿನ್ನ ಗತಿ ನೋಡ್ಕೋ,” ಎಂದು ಹೇಳಿಟ್ಟೆ.

ಬರ್ನೀಸಳ ಕಿವಿಗೆ ಬೀಳಲಿಲ್ಲ, ಆದರೆ ಊರಿನ ಕಿವಿಗೆ ಬಿತ್ತು. ಆರ್ಡಿಸ್ ಲಿಂಡ್ವಾಲಳ ಚೆಕ್ಕು ನಡೆಯುವುದಿಲ್ಲವಂತೆ. ನಮ್ಮೂರಿನವರು ಇಂಥದ್ದಕ್ಕೆ ಬೆನ್ನ ಹಿಂದೆ ನಗುವವರಲ್ಲ. ಅದಕ್ಕಿಂತ ಘೋರವಾದದ್ದನ್ನು ಮಾಡುತ್ತಾರೆ, ಊಟ ತಂದುಕೊಡುತ್ತಾರೆ. ನವೆಂಬರಿನ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಬಟ್ಟೆ ಮುಚ್ಚಿದ ಹಾಟ್‌ಡಿಶ್: ನೂಡಲ್ಸು, ಟ್ಯೂನಾ ಮೀನು, ಅಣಬೆಯ ಸೂಪು, ಮೇಲೆ ಚಿಪ್ಸಿನ ಪುಡಿ. ಮಾರನೆಯ ದಿನ ಇನ್ನೊಂದು. ಅದರ ಮಾರನೆಯ ದಿನ ಮತ್ತೊಂದು, ಅದರ ಮೇಲೆ ಮರ್ಲಿಸ್ ಎಂದು ಬರೆದ ಅಂಟುಪಟ್ಟಿ. ಒಬ್ಬರೂ ಗಂಟೆ ಒತ್ತಲಿಲ್ಲ. ವರ್ನ್ ಮೊದಲ ಎರಡನ್ನು ಖುಷಿಯಿಂದ ತಿಂದ.

“ನೀನು ಇನ್ನೊಂದೆರಡು ಬ್ಯಾಂಕಿಗೆ ಮೋಸ ಮಾಡೇ,” ಅಂದ. “ಚಳಿಗಾಲ ಪೂರ್ತಿ ಒಲೆ ಹಚ್ಚೋ ಹಾಗಿಲ್ಲ.”

ನನಗೆ ನಗು ಬರಲಿಲ್ಲ. ಇದೇ ಮೆಟ್ಟಿಲುಗಳಿಂದ ನಾನು ಎಷ್ಟು ಮನೆಗೆ ಹಾಟ್‌ಡಿಶ್ ಹೊತ್ತುಕೊಂಡು ಹೋಗಿಲ್ಲ? ತೆಗೆದುಕೊಳ್ಳುವ ಕಡೆ ನಿಂತು ನೋಡಿದ್ದು ಇದೇ ಮೊದಲು. ಆ ಪಾತ್ರೆಗಳನ್ನು ತೊಳೆದು ಹಿಂದಿರುಗಿಸುವಾಗ ಪ್ರತಿ ಬಾಗಿಲಲ್ಲೂ, “ಪರವಾಗಿಲ್ಲ ಆರ್ಡಿಸ್, ಯಾರಿಗಾದ್ರೂ ಆಗಬಹುದು,” ಎಂಬ ಮಾತು. ಏನು ಆಗಬಹುದು? ನಾನೇನು ಮಾಡಿದೆ? ಹೇಳಹೋದರೆ ಬರ್ನೀಸಳ ಹೆಸರು ಹೇಳಬೇಕು. ಬಾಯಿಗೆ ಬೀಗ ಹಾಕಿಕೊಂಡು ಪಾತ್ರೆ ಕೊಟ್ಟು ಬಂದೆ.

ಕೊನೆಗೆ ಬರ್ನೀಸಳೇ ಬಂದಳು, ಕೈಯಲ್ಲಿ ಹಾಟ್‌ಡಿಶ್. ಅವಳು ಮೆಟ್ಟಿಲ ಮೇಲಿಟ್ಟು ಹೋಗುವವಳಲ್ಲ. ನೇರ ಒಳಗೆ ಬಂದು, ಮೇಜಿನ ಮೇಲೆ ಕುಕ್ಕಿ, ಕೋಟು ಬಿಚ್ಚದೆ ನಿಂತಳು.

“ಹಣ ಬೇಕಿದ್ರೆ ನನ್ನ ಕೇಳಬಾರದಾ? ಊರಿಗೆಲ್ಲ ಗೊತ್ತು, ನಂಗೇ ಗೊತ್ತಿಲ್ಲ!”

“ನಂಗೆ ಹಣ ಬೇಡ ಬರ್ನೀಸ್.”

“ಮತ್ತೆ ಖಜಾಂಚಿ ಅಂತ ಇನ್ನೂ ಬ್ಯಾಂಕಲ್ಲಿ ಸಹಿ ಯಾಕೆ ಹಾಕಿಲ್ಲ? ಮಾತು ಕೊಟ್ಟಿದ್ದೆ ನಂಗೆ.”

“ಬ್ಯಾಂಕಿನೋರದ್ದು ಏನೋ ತಪ್ಪು. ಸರಿಹೋಗತ್ತೆ.”

“ಸುಳ್ಳು ಹೇಳೋಕೆ ಬರಲ್ಲ ನಿಂಗೆ, ಕಿವಿ ಕೆಂಪಾಗತ್ತೆ. ಏನು ತಪ್ಪು?”

ಆಗ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ವರ್ನ್, ಮದುವೆಯಾದಂದಿನಿಂದ ಒಂದು ಗುಟ್ಟನ್ನೂ ಉಳಿಸಿಕೊಂಡು ಅಭ್ಯಾಸವಿಲ್ಲದ ಮನುಷ್ಯ, ಪೇಪರಿನ ಹಿಂದಿನಿಂದಲೇ ಅಂದ: “ನೀನು ಹಾಕಿದ ಚೆಕ್ಕು ಕಣಮ್ಮ. ನಲವತ್ತು ಡಾಲರಿಂದು.” ಅಂದವನೇ ನಾಲಿಗೆ ಕಚ್ಚಿಕೊಂಡ.

ಹೇಳಿದ್ದಾಯಿತು. ಎಲ್ಲವನ್ನೂ ಹೇಳಬೇಕಾಯಿತು. ಬರ್ನೀಸ್ ನಿಧಾನವಾಗಿ ಕೂತಳು. ಅವಳ ಕೈ ತಾನಾಗಿ ಕೂದಲಿಗೆ ಹೋಯಿತು.

“ಕೊಡು ಆ ನಮೂನೆ,” ಅಂದಳು. “ಎರಡು ನಿಮಿಷದ ಕೆಲಸ. ತುಂಬಿಕೊಡ್ತೀನಿ.”

ಬೇಡವೆಂದರೂ ಡ್ರಾಯರ್ ತಾನೇ ಎಳೆದು, ಕನ್ನಡಕ ಹಾಕಿಕೊಂಡು ಕೂತಳು. ಹೆಸರು ಬರೆದಳು, ವಿಳಾಸ ಬರೆದಳು, ಚೆಕ್ಕಿನ ಮೊತ್ತ ಬರೆದಳು. ‘ವಿಳಂಬಕ್ಕೆ ಕಾರಣ’ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಅದು ಬ್ಯಾಂಕಿನವರು ಶಾಖೆ ಮುಚ್ಚಿದ ದಿನ ಕೊಟ್ಟ ಪೆನ್ನು. ನಿಮ್ಮ ನಮೂನೆಯಲ್ಲಿ ಆ ಕಾರಣಕ್ಕೆ ಬಿಟ್ಟ ಜಾಗ ನನ್ನ ಹೆಬ್ಬೆರಳಿನಷ್ಟಿದೆ, ಮಾನ್ಯರೇ.

“ಏನಂತ ಬರೀಲಿ ಆರ್ಡಿಸ್?” ಅಂದಳು. “ಎಲ್ಲ ಕಾರ್ಡೂ ಕೇಕಿನ ಡಬ್ಬೀಲಿ ಹಾಕಿಟ್ಟಿದೀನಿ. ಇನ್ನೂ ತೆಗೆದಿಲ್ಲ. ನಿಂದೊಂದೇ ತೆಗೆದಿದ್ದು. ನಿನ್ನ ಕೈಬರಹ ಗೊತ್ತಾಯ್ತು, ಇವಳು ಅಳಿಸೋ ಅಂಥದ್ದೇನೂ ಬರೆದಿರಲ್ಲ ಅಂತ ತೆಗೆದೆ.”

“ಉಳಿದಿದ್ದು ನಿಧಾನಕ್ಕೆ ತೆಗೀಬಹುದು ಬಿಡು.”

“ತೆಗೀಬಹುದು. ಆದ್ರೆ ಅವೆಲ್ಲ ಅವನ ಹೆಸರಿಗೆ ಬಂದಿದ್ದಲ್ವಾ? ಎಲ್ಲ ತೆಗೆದುಬಿಟ್ರೆ ಮುಗಿದೋಯ್ತು. ಇನ್ಮೇಲೆ ಎಮಿಲ್ ಬಗ್ಗೆ ನಂಗೆ ಯಾರೂ ಏನೂ ಬರೆಯಲ್ಲ.”

ವರ್ನ್ ಪೇಪರನ್ನು ಇನ್ನೂ ಮೇಲಕ್ಕೆತ್ತಿ ಮುಖ ಮುಚ್ಚಿಕೊಂಡ. ನಾನು ಆ ನಮೂನೆಯನ್ನು ಅವಳ ಕೈಯಿಂದ ತೆಗೆದುಕೊಂಡು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದೆ. ಇಷ್ಟನ್ನು ನಿಮ್ಮ ಹೆಬ್ಬೆರಳಿನಷ್ಟು ಜಾಗದಲ್ಲಿ ತುರುಕಿ, ಕೌಂಟಿಯ ಕಟ್ಟಡಕ್ಕೆ ಹೋಗಿ, ಅಪರಿಚಿತನೊಬ್ಬನ ಮುಂದೆ ಬಲಗೈ ಎತ್ತಿ, ಹೌದು ಇದು ನಿಜ ಎಂದು ಅವಳು ಆಣೆ ಮಾಡಬೇಕೇ? ನಿಮಗೆ ನಾಚಿಕೆಯಾಗಬೇಕು. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಚೂರು ಉರಿಯುವುದನ್ನು ನೋಡಿ ಬರ್ನೀಸ್ ಮೊದಲು 'ಅಯ್ಯೋ' ಅಂದಳು, ಆಮೇಲೆ ನಕ್ಕಳು. ಅವಳು ಹೊಟ್ಟೆ ಹಿಡಿದು ನಕ್ಕದ್ದನ್ನು ನಾನು ಎಮಿಲ್ ಹೋದ ಮೇಲೆ ನೋಡಿರಲಿಲ್ಲ.

“ಒಂದು ಕೂದಲಿಗೆ ಇಷ್ಟೆಲ್ಲಾನಾ! ಪೇಪರಿಗೆ ಬರಿ ಆರ್ಡಿಸ್. ನನ್ನ ಹೆಸರೂ ಹಾಕು. ಊರಿನೋರೆಲ್ಲ ಓದ್ಲಿ, ಹಾಟ್‌ಡಿಶ್ ತರೋದಾದ್ರೂ ನಿಲ್ಲಿಸ್ಲಿ, ನಿನ್ನ ಗಂಡ ಊದ್ಕೊಂಡಿದಾನೆ.”

ಆದ್ದರಿಂದ ಈ ಪತ್ರ, ನಿಮಗೊಂದು, ಪೇಪರಿಗೊಂದು. ನನ್ನ ಬೇಡಿಕೆ ದೊಡ್ಡದಲ್ಲ. ನನ್ನ ಹೆಸರಿನ ಮುಂದಿರುವ ಆ ಸಾಲನ್ನು ಅಳಿಸಿ, ಯಾರ ಆಣೆ ಪ್ರಮಾಣವೂ ಇಲ್ಲದೆ. ಆ ಪೆಟ್ರೋಲ್ ಬಂಕಿನ ಹುಡುಗಿಯ ಸಾಲನ್ನೂ ತೆಗೆದು ನೋಡಿ, ಅದರ ಹಿಂದೆಯೂ ಒಂದು ‘ಯಾಕೆ’ ಇದ್ದೀತು, ಒಮ್ಮೆ ಕೇಳಿ. ಅಳಿಸುವುದು ನಿಮ್ಮ ನಿಯಮಕ್ಕೆ ಒಗ್ಗುವುದಿಲ್ಲವೆಂದಾದರೆ, ಇರಲಿ, ಅಲ್ಲಿಯೇ ಇರಲಿ. ಆದರೆ ‘ದುರುಪಯೋಗದ ಶಂಕೆ’ ಎನ್ನುವುದನ್ನು ಹೊಡೆದುಹಾಕಿ, ನಡೆದದ್ದನ್ನು ನಡೆದ ಹಾಗೆ ಬರೆಯಿರಿ: ಬರ್ನೀಸ್ ಪ್ಲಾಷ್ಕೊ ಟೋಪಿ ತೆಗೆದಳು. ಐದಲ್ಲ, ಐವತ್ತು ವರ್ಷ ಇಟ್ಟುಕೊಳ್ಳಿ. ನನ್ನ ಚರಿತ್ರೆಯಲ್ಲಿ ಅಷ್ಟೊಂದು ಒಳ್ಳೆಯ ಸಾಲು ಇನ್ನೊಂದಿಲ್ಲ.

ಇನ್ನೊಂದು ಮಾತು ನಿಮ್ಮ ಅನುಕೂಲಕ್ಕಾಗಿ ತಿಳಿಸಬೇಕು. ಕೇಕಿನ ಡಬ್ಬಿಯಲ್ಲಿ ಇನ್ನೂ ನಲವತ್ತಕ್ಕೂ ಹೆಚ್ಚು ಲಕೋಟೆಗಳಿವೆ. ಅದರಲ್ಲೊಂದು ನಮ್ಮ ಹಳೆಯ ಬ್ಯಾಂಕಿನದು. ಅಂಗಳದ ಹಿಮ ತೆಗೆಯುತ್ತಿದ್ದವನ ಹೆಂಡತಿಗೆ ಅವರೂ ಕಾರ್ಡು ಹಾಕಿದ್ದರು, ಶಾಖೆಯ ಖಾತೆಯ ಮೇಲೆ ಬರೆದ ಚೆಕ್ಕಿನ ಸಮೇತ; ಕೌಂಟರಿನ ಆ ಹುಡುಗಿಯೇ ಹೇಳಿದಳು. ಆ ಶಾಖೆ ಈಗಿಲ್ಲ, ಆ ಖಾತೆ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಮುಂದೊಂದು ದಿನ ಆ ಚೆಕ್ಕು ವಾಪಸು ಬಂದರೆ ಯಾರ ಹೆಸರಿನ ಮುಂದೆ ‘ಶಂಕೆ’ ಬರೆಯುತ್ತೀರಿ, ಈಗಲೇ ಯೋಚಿಸಿಟ್ಟುಕೊಳ್ಳಿ.

ಉಳಿದ ಚೆಕ್ಕುಗಳು ಊರಿನವರದು. ಕಳೆದ ವಾರದ ಮೀನೂಟದಲ್ಲಿ ಒಬ್ಬೊಬ್ಬರಾಗಿ ನನ್ನ ಕಿವಿಯಲ್ಲಿ ಹೇಳಿಹೋದರು, ತಮ್ಮ ತಮ್ಮ ಖಾತೆಯಲ್ಲಿ ಆ ಹಣವನ್ನು ಎತ್ತಿಟ್ಟಿದ್ದೇವೆ, ಅವಳಿಗೆ ಅವಸರ ಬೇಡ ಎಂದು. ಮರ್ಲಿಸ್ ಹೇಳುವಾಗ ಅವಳ ಕೈಚೀಲ ಮೇಜಿನ ಮೇಲೆ, ನನ್ನ ಪಕ್ಕದಲ್ಲಿ, ಬಾಯಿ ತೆರೆದುಕೊಂಡು ಬಿದ್ದಿತ್ತು. ಬರ್ನೀಸ್ ಅವುಗಳನ್ನು ಈ ವರ್ಷ ತೆಗೆಯಬಹುದು, ಇನ್ನೈದು ವರ್ಷಕ್ಕೆ ತೆಗೆಯಬಹುದು. ನಾವು ಕಾಯುತ್ತೇವೆ. ನೀವೂ ಕಾಯಿರಿ.

ಇಂತಿ,
ನಿಮ್ಮ ದಾಖಲೆಯಲ್ಲಿ ಇನ್ನೂ ಶಂಕಿತಳಾಗಿರುವ, ಓಲ್ಸೆನ್ ಕ್ರೀಕ್ ಮಹಿಳಾ ಸಂಘದ ಸಹಿಯಿಲ್ಲದ ಖಜಾಂಚಿ,
ಆರ್ಡಿಸ್ ಲಿಂಡ್ವಾಲ್